ಏಳನೇ ಟ್ರೇಯ ಕೊಳವೆ

ಕೊಳವೆಯನ್ನು ನೀರಿನೊಳಗೆ ಮುಳುಗಿಸಿಯೇ ಉಜ್ಜಬೇಕು. ಮೇಲೆತ್ತಿ ಉಜ್ಜಿದರೆ ಬ್ರಷ್ಷು ಹೊರಬರುವಾಗ ಚಿಮ್ಮುವ ಹನಿ ಮುಖಕ್ಕೂ ಹಾರುತ್ತದೆ, ಗೋಡೆಗೂ ಹಾರುತ್ತದೆ, ಪಕ್ಕದಲ್ಲಿ ಆಗಲೇ ತೊಳೆದಿಟ್ಟ ಸಾಮಾನಿನ ಮೇಲೂ ಹೋಗಿ ಕೂರುತ್ತದೆ. ನಿಧಾನಮ್ಮ ಮೊಣಕೈವರೆಗೆ ಬರುವ ಕೈಗವಸು ತೊಟ್ಟು, ತೊಟ್ಟಿಯ ಬೆಚ್ಚನೆಯ ಸೋಪಿನ ನೀರಿನಲ್ಲಿ ಎರಡೂ ಕೈ ಮುಳುಗಿಸಿ, ಆಪರೇಷನ್ ಹೊತ್ತಿನಲ್ಲಿ ಗಾಯದ ರಕ್ತ ಹೀರಿ ತೆಗೆಯುವ ಬಾಗಿದ ಉಕ್ಕಿನ ಕೊಳವೆಯೊಂದಕ್ಕೆ ಉದ್ದನೆಯ ಬ್ರಷ್ಷು ತೂರಿಸುತ್ತಿದ್ದಳು. ತುದಿ ಆಚೆ ಕಡೆ ಇಣುಕಿದರೆ ಒಂದು. ಹಿಂದಕ್ಕೆಳೆದು ಮತ್ತೆ ತೂರಿಸಿದರೆ ಎರಡು. ಹೀಗೆ ಹತ್ತು. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ.

"ಏಳಾಯ್ತಾ, ಎಂಟಾಯ್ತಾ?" ಎಂದು ಹಬೆಯಪ್ಪ ಬೇಕೆಂದೇ ಕೇಳಿದ.

"ಆರಾಗಿತ್ತು. ನಿನ್ನ ದೆಸೆಯಿಂದ ಈಗ ಸೊನ್ನೆ."

"ನೀನು ಇದೊಂದು ಕೊಳವೆ ತೊಳೆದು ಮುಗಿಸೋಷ್ಟರಲ್ಲಿ ಮೇಲೆ ಮಲಗಿರೋ ರೋಗಿ ಎದ್ದು ಮನೆಗೆ ನಡ್ಕೊಂಡು ಹೋಗಿರ್ತಾನೆ."

"ಹೋಗ್ಲಿ ಬಿಡು. ನಡ್ಕೊಂಡು ಹೋಗ್ಲಿ ಅಂತಾನೇ ತೊಳೀತಿರೋದು."

ಹಬೆಯಪ್ಪನಿಗೆ ಆ ಹೆಸರು ಬಂದದ್ದು ಅವನು ನೋಡಿಕೊಳ್ಳುವ ಹಬೆಯ ಪೆಟ್ಟಿಗೆಗಳಿಂದ. ಆಳೆತ್ತರದ ಉಕ್ಕಿನ ಪೆಟ್ಟಿಗೆಗಳು ಮೂರು. ಈ ಕೋಣೆಗೂ ಆಚೆಯ ಕೋಣೆಗೂ ನಡುವಿನ ಗೋಡೆಯಲ್ಲೇ ಹುದುಗಿದ್ದವು. ಈಚೆ ಕೊಳಕಿನ ಕೋಣೆ, ಆಚೆ ಶುದ್ಧದ ಕೋಣೆ. ಈಚೆಯ ಬಾಗಿಲಿನಿಂದ ತೊಳೆದ ಸಾಮಾನು ಒಳಗೆ ಹೋಗಬೇಕು, ಹಬೆಯಲ್ಲಿ ಬೇಯಬೇಕು, ಆಚೆಯ ಬಾಗಿಲಿನಿಂದ ಹೊರಬರಬೇಕು. ಬೇರೆ ದಾರಿ ಇಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಈ ಕೋಣೆಗಳಿಗೆ ಕಿಟಕಿ ಇರಲಿಲ್ಲ. ಈಚೆಯ ಗೋಡೆಯಲ್ಲೊಂದು ಗೂಡು, ಅದರೊಳಗೆ ಆಪರೇಷನ್ ಥಿಯೇಟರಿನಿಂದ ಟ್ರೇಗಳನ್ನು ಹೊತ್ತು ಇಳಿಯುವ ಪುಟ್ಟ ಲಿಫ್ಟು, ಅಷ್ಟೆ. ಲಿಫ್ಟು ಬಂದಾಗ ಟಿಣ್ ಎನ್ನುತ್ತಿತ್ತು. ಇಪ್ಪತ್ತಾರು ವರ್ಷಗಳಿಂದ ಆ ಟಿಣ್ ಕೇಳಿ ಕೇಳಿ, ಮನೆಯಲ್ಲಿ ಚಮಚ ಬಿದ್ದರೂ ನಿಧಾನಮ್ಮ ಎದ್ದು ನಿಲ್ಲುವಳು.

ನಿಧಾನಮ್ಮ ಎಂಬುದೂ ಹೆತ್ತವರು ಇಟ್ಟ ಹೆಸರಲ್ಲ. ಕೆಲಸಕ್ಕೆ ಸೇರಿದ ತಿಂಗಳಲ್ಲೇ ಯಾರೋ ಕರೆದರು, ಅಂಟಿಕೊಂಡಿತು. ಅದನ್ನವಳು ಬೈಗುಳವೆಂದು ತಿಳಿಯಲಿಲ್ಲ. ಕತ್ತರಿಯ ಕೀಲು, ಇಕ್ಕುಳದ ಹಲ್ಲು, ತಿರುಪಿನ ಸಂದು, ಎಲ್ಲವನ್ನೂ ಬಿಡಿಸಿ ನೋಡಿ ಉಜ್ಜುವವಳಿಗೆ ಇನ್ನೇನು ಹೆಸರಿಡುತ್ತಾರೆ? ಆದರೆ ಹತ್ತು ಸಲದ ಈ ಎಣಿಕೆ ಮಾತ್ರ ಹಳೆಯದಲ್ಲ. ಅದು ಶುರುವಾದದ್ದು ನಾಲ್ಕು ವರ್ಷಗಳ ಹಿಂದೆ. ಯಾಕೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅಪ್ರಾನಿನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಒದ್ದೆ ಕೈ. ಈ ಹೊತ್ತಿನಲ್ಲಿ ಫೋನು ಮಾಡುವವಳು ಅಕ್ಕ ಒಬ್ಬಳೇ.

"ತೆಗಿಯಲ್ವಾ?" ಎಂದ ಹಬೆಯಪ್ಪ.

"ಐದು," ಎಂದಳು ನಿಧಾನಮ್ಮ.

ಎಣಿಕೆ ಹತ್ತಕ್ಕೆ ಮುಟ್ಟುವ ಮೊದಲೇ ಬಾಗಿಲು ತೆರೆದು ಸೋಂಕಿನ ಸಿಸ್ಟರ್ ಒಳಬಂದಳು. ಯಾವ ವಾರ್ಡಿನಲ್ಲಿ ಯಾರ ಗಾಯ ಕೀವು ಕಟ್ಟಿತು, ಯಾಕೆ ಕಟ್ಟಿತು ಎಂದು ಪತ್ತೆ ಹಚ್ಚುವುದೇ ಈಕೆಯ ಕೆಲಸ. ಹಾಗಾಗಿ ಅವಳು ಬಂದಲ್ಲೆಲ್ಲ ಜನ ಮೊದಲು ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಇಂದು ಅವಳ ಕೈಯಲ್ಲೊಂದು ಸಣ್ಣ ಪೆಟ್ಟಿಗೆ ಇತ್ತು. ಅದರೊಳಗೆ ನೂಡಲ್ಸಿನಷ್ಟೇ ತೆಳ್ಳಗಿನ ಕಪ್ಪು ತಂತಿ, ತಂತಿಯ ತುದಿಯಲ್ಲಿ ಎಳ್ಳು ಕಾಳಿನಷ್ಟು ಬೆಳಕು, ಇನ್ನೊಂದು ತುದಿಗೆ ಅಂಗೈಯಗಲದ ಪರದೆ.

"ಕ್ಯಾಮೆರಾ. ಕೊಳವೆ ಒಳಗೆ ಇಳಿಸಿ ನೋಡೋದು," ಎಂದಳು. "ಹೋದ ತಿಂಗಳು ಒಂದು ಸೊಂಟದ ಕೀಲು ಕೀವು ಕಟ್ಟಿತು. ಕಾರಣ ಸಿಗಲಿಲ್ಲ. ಅದಕ್ಕೇ ಎಲ್ಲಾ ಟ್ರೇಗಳ ಕೊಳವೆಗಳನ್ನೂ ನೋಡೋಣ ಅಂತ."

"ನೋಡಿ ಸಿಸ್ಟರ್, ಚೆನ್ನಾಗಿ ನೋಡಿ," ಎಂದ ಹಬೆಯಪ್ಪ ಎದೆಯುಬ್ಬಿಸಿ. "ನಮ್ಮ ನಿಧಾನಮ್ಮ ತೊಳೆದ ಕೊಳವೇಲಿ ನಿಮ್ಮ ಮುಖ ಕಾಣತ್ತೆ."

ಮೊದಲನೇ ಟ್ರೇ, ಎರಡನೇ ಟ್ರೇ. ಪರದೆಯ ಮೇಲೆ ಕಾಣುವುದು ಬೆಳ್ಳಗೆ ಹೊಳೆಯುವ ಸುರಂಗ. ಕ್ಯಾಮೆರಾ ಇಳಿದಂತೆಲ್ಲ ಗೋಡೆ ಹಿಂದಕ್ಕೆ ಸರಿಯುತ್ತಿತ್ತು. ಹಬೆಯಪ್ಪ ಪ್ರತಿಸಲವೂ "ಹಾಂ!" ಎನ್ನುತ್ತಿದ್ದ. ಐದು, ಆರು. ಏಳನೇ ಟ್ರೇಯ ಕೊಳವೆಯನ್ನು ನಿಧಾನಮ್ಮನೇ ಎತ್ತಿ ಕೊಟ್ಟಳು. ಕೊಡುವಾಗ ಕೈ ಕೊಂಚ ತಡೆಯಿತು, ಸಿಸ್ಟರ್ ಗಮನಿಸಲಿಲ್ಲ.

ಸುರಂಗ ಹೊಳೆಯುತ್ತಾ ಬಂತು. ಕೊಳವೆ ಬಾಗುವ ಕಡೆ ಹೊಳಪು ನಿಂತಿತು. ಅಲ್ಲಿ ಗೋಡೆಗೆ ಕಂದು ಬಣ್ಣದ್ದೇನೋ ಅಂಟಿತ್ತು. ವರ್ಷಗಟ್ಟಲೆ ನೀರು ಕಾಯಿಸಿದ ಪಾತ್ರೆಯ ತಳದ ಹಾಗೆ ಒಂದರ ಮೇಲೊಂದು ಪದರ.

ಹಬೆಯಪ್ಪನ "ಹಾಂ" ಗಂಟಲಲ್ಲೇ ಉಳಿಯಿತು.

"ಇದು ಒಂದಿನದ್ದಲ್ಲ," ಎಂದಳು ಸಿಸ್ಟರ್. "ಯಾವಾಗ್ಲೋ ಒಂದ್ಸಲ ರಕ್ತ ಒಣಗೋಕೆ ಬಿಟ್ಟಿದ್ದಾರೆ. ಅದರ ಮೇಲೇ ಹಬೆ ಕೊಟ್ಟು ಬೇಯಿಸಿದ್ದಾರೆ. ಬೆಂದು ಅಂಟಿಕೊಂಡಿದ್ದರ ಮೇಲೆ ಆಮೇಲಿನದ್ದೂ ಬಂದು ಕೂತಿದೆ."

"ನನ್ನ ಹಬೆ ಒಂದು ಡಿಗ್ರಿ ಕಮ್ಮಿ ಆಗಿಲ್ಲ ಸಿಸ್ಟರ್! ಪ್ರತಿ ಟ್ರೇಗೂ ಅಂಟಿಸಿರೋ ಪಟ್ಟಿ ಬಿಸಿ ತಾಗಿ ಕಪ್ಪಾಗಿರತ್ತೆ, ಪುಸ್ತಕ ತೆಗೆದು ನೋಡಿ."

"ಪಟ್ಟಿಗೆ ಬಿಸಿ ಗೊತ್ತಾಗತ್ತೆ, ಕೊಳೆ ಗೊತ್ತಾಗಲ್ಲ." ಸಿಸ್ಟರ್ ಬ್ರಷ್ಷು ಎತ್ತಿ ಕೊಳವೆಯ ಬಾಯಿಗೆ ಹಿಡಿದಳು. "ಇದನ್ನ ನೋಡಿ. ಈ ಕೊಳವೆಗೆ ಈ ಬ್ರಷ್ಷು ಸಣ್ಣ. ನಡುವೆ ಸುಮ್ನೆ ಓಡಾಡ್ತಿದೆ, ಕೂದಲು ಗೋಡೆ ಮುಟ್ಟೋದೇ ಇಲ್ಲ. ಇದರಲ್ಲಿ ನೂರು ಸಲ ಉಜ್ಜಿದ್ರೂ ಅಷ್ಟೇ."

ನಿಧಾನಮ್ಮ ತೊಟ್ಟಿಯ ಅಂಚು ಹಿಡಿದು ನಿಂತಳು. ನಾಲ್ಕು ವರ್ಷ, ದಿನವೂ ಹತ್ತು ಸಲ.

"ಯಾರು ಅಂತ ನಾನು ಕೇಳ್ತಿಲ್ಲ," ಎಂದು ಸಿಸ್ಟರ್ ತಂತಿ ಸುತ್ತಿಕೊಂಡಳು. "ಹೇಗಾಯ್ತು ಅಂತ ಗೊತ್ತಾದ್ರೆ ಸಾಕು. ಮತ್ತೆ ಆಗದ ಹಾಗೆ ನಿಯಮ ಬರೀಬಹುದು." ಏಳನೇ ಟ್ರೇಗೆ ಕೆಂಪು ಚೀಟಿ ಕಟ್ಟಿ, ಅದನ್ನು ಎತ್ತಿಕೊಂಡೇ ಹೋದಳು.

ಹೇಗಾಯ್ತು ಎಂಬುದು ನಿಧಾನಮ್ಮನಿಗೆ ನಿಮಿಷ ನಿಮಿಷವೂ ಗೊತ್ತಿತ್ತು.

ಅಕ್ಕ ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಮನೆ ನಡೆದದ್ದು ಅಕ್ಕನ ಹೊಲಿಗೆ ಯಂತ್ರದ ಮೇಲೆ. ಕಾಲಿನಿಂದ ತುಳಿಯುವ ಯಂತ್ರ. ಬೆಳಗಿನಿಂದ ಸಂಜೆಯವರೆಗೆ ಟರ್‌ರ್‌ರ್ ಎನ್ನುವ ಆ ಸದ್ದಿನಲ್ಲೇ ಪುಟ್ಟಿ, ಅಂದರೆ ಈಗಿನ ನಿಧಾನಮ್ಮ, ಮಗ್ಗಿ ಬಾಯಿಪಾಠ ಮಾಡಿದ್ದು. ನಲವತ್ತು ವರ್ಷ ತುಳಿದ ಮಂಡಿಗಳು ಕೊನೆಗೆ ಕೈಕೊಟ್ಟವು. ಬಲಗಾಲಿಗೆ ಲೋಹದ ಮಂಡಿ ಹಾಕಬೇಕೆಂದಾಯಿತು. ಹನ್ನೊಂದು ತಿಂಗಳು ಕಾದ ಮೇಲೆ, ತಂಗಿ ಕೆಲಸ ಮಾಡುವ ಈ ಆಸ್ಪತ್ರೆಯಲ್ಲೇ ಅಕ್ಕನ ಸರದಿ ಬಂತು.

ಆಪರೇಷನ್ನಿನ ಹಿಂದಿನ ದಿನ ಅಕ್ಕ ರೈಲಿನಲ್ಲಿ ಬರುವವಳಿದ್ದಳು. ಸ್ಟೇಷನ್ನು ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿ. ಊಟದ ಬಿಡುವಿನಲ್ಲಿ ಹೋಗಿ ಇಳಿಸಿಕೊಂಡು, ಮನೆಗೆ ಬಿಟ್ಟು ಬಂದುಬಿಡುವುದೆಂದು ನಿಧಾನಮ್ಮನ ಲೆಕ್ಕ. ಹೊರಡುವ ಹೊತ್ತಿಗೆ ಸರಿಯಾಗಿ ಲಿಫ್ಟು ಟಿಣ್ ಎಂದಿತು. ಏಳನೇ ಟ್ರೇ. ಯಾರದೋ ಮಂಡಿಯ ಆಪರೇಷನ್ ಮುಗಿಸಿ ಬಂದದ್ದು. ಬಂದ ಟ್ರೇಯ ಮೇಲೆ ಮೊದಲು ಒದ್ದೆ ಬಟ್ಟೆ ಹಾಸಬೇಕು, ರಕ್ತ ಒಣಗಬಾರದು. ಆ ಕೋಣೆಗೆ ಕಾಲಿಟ್ಟವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಹೊಸಬರಿಗೆಲ್ಲ ಅದನ್ನು ಹೇಳಿಕೊಡುತ್ತಿದ್ದವಳೂ ಅವಳೇ. ಬಟ್ಟೆಗಳ ಬಕೆಟ್ಟು ಕೋಣೆಯ ಆ ತುದಿಯಲ್ಲಿತ್ತು. ಅರ್ಧ ಗಂಟೆ ತಾನೆ, ಬಂದೇ ತೊಳೆದರಾಯಿತು ಎಂದು ಟ್ರೇಯನ್ನು ಹಾಗೇ ಇಟ್ಟು ಓಡಿದಳು. ಇಪ್ಪತ್ತೆರಡು ವರ್ಷದಲ್ಲಿ ನಿಧಾನಮ್ಮ ಓಡಿದ್ದು ಅದೊಂದೇ ಸಲ.

ರೈಲು ಒಂದೂವರೆ ಗಂಟೆ ತಡ.

ಅಕ್ಕನನ್ನು ಮನೆ ಸೇರಿಸಿ ಏದುಸಿರು ಬಿಡುತ್ತಾ ಬಂದಾಗ ಟ್ರೇಯ ಮೇಲಿನ ರಕ್ತ ಒಣಗಿದ ಗೋಂದಾಗಿತ್ತು. ಗಂಟೆ ಹೊತ್ತು ನೆನೆಹಾಕಬೇಕಿತ್ತು, ಹತ್ತು ನಿಮಿಷ ಹಾಕಿದಳು. ಕೊಳವೆಯ ಬಾಗಿನಲ್ಲಿ ಗಟ್ಟಿಯಾದ ರಕ್ತಕ್ಕೆ ಬ್ರಷ್ಷು ಸಿಕ್ಕಿಕೊಂಡಿತು. ಹೊರಗೆಳೆದು, ಕೊಳವೆಯನ್ನು ನಲ್ಲಿಗೆ ಹಿಡಿದಳು. ಆಚೆ ಕಡೆಯಿಂದ ನೀರು ಸೊರ್ ಎಂದು ಚಿಮ್ಮಿತು, ತಿಳಿಯಾಗಿಯೇ ಚಿಮ್ಮಿತು. ಬಂತಲ್ಲ, ಸಾಕು ಎಂದುಕೊಂಡಳು. ಹೂದಾನಿಯ ಕೊರಳಲ್ಲಿ ಲೋಳೆ ಕಟ್ಟಿದರೆ ಎಷ್ಟು ನೀರು ಸುರಿದರೂ ನೀರು ಹೋಗುತ್ತದೆ, ಲೋಳೆ ಇರುತ್ತದೆ. ಬೆರಳು ಹಾಕಿ ಉಜ್ಜಬೇಕು. ಇದು ಮನೆಯಲ್ಲಿ ಹೂದಾನಿ ತೊಳೆಯುವ ಯಾವ ಹೆಂಗಸಿಗೂ ಗೊತ್ತು. ಆ ದಿನ ಅವಳಿಗೆ ನೆನಪಾಗಲಿಲ್ಲ, ಮನಸ್ಸು ಮನೆಯಲ್ಲಿತ್ತು. ಹಬೆಯಪ್ಪ ಹಬೆ ಕೊಟ್ಟ. ಪಟ್ಟಿ ಕಪ್ಪಾಯಿತು. ಪುಸ್ತಕದಲ್ಲಿ 'ತೊಳೆದವರು' ಎಂಬಲ್ಲಿ ಅವಳು ಸಹಿ ಹಾಕಿ ಮನೆಗೆ ಹೋಗಿ, ಅಕ್ಕನ ಜೊತೆ ಚಹಾ ಕುಡಿದು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಇಷ್ಟೇ ಆಗಿದ್ದರೆ ಅದನ್ನು ಆತುರವೆನ್ನಬಹುದಿತ್ತು. ಆದರೆ ಮಾರನೇ ಬೆಳಿಗ್ಗೆ ಥಿಯೇಟರಿನ ಪಟ್ಟಿ ಬಂತು. ಮೊದಲ ಆಪರೇಷನ್: ಬಲ ಮಂಡಿ, ಅಕ್ಕನ ಹೆಸರು. ಎದುರಿಗೆ, ಟ್ರೇ ಸಂಖ್ಯೆ ಏಳು. ಮಂಡಿಗೆಂದಿದ್ದ ಮೂರು ಟ್ರೇಗಳಲ್ಲಿ ಆರನೆಯದು ರಿಪೇರಿಗೆ ಹೋಗಿತ್ತು, ಐದನೆಯದು ಇನ್ನೂ ಹಬೆಯಲ್ಲಿತ್ತು. ಶುದ್ಧದ ಕೋಣೆಯಿಂದ ಟ್ರೇಯನ್ನು ಮೇಲಕ್ಕೆ ಕಳಿಸುವ ಇನ್ನೊಂದು ಲಿಫ್ಟಿನ ಗುಂಡಿಯ ಮೇಲೆ ಆ ಬೆಳಿಗ್ಗೆ ನಿಧಾನಮ್ಮನದೇ ಬೆರಳು. ಇದು ಬೇಡ, ಮತ್ತೆ ತೊಳೆಯಬೇಕು ಎಂದಿದ್ದರೆ ಆ ದಿನದ ಆಪರೇಷನ್ ನಿಲ್ಲುತ್ತಿತ್ತು. ಯಾಕೆ ಎಂದು ಕೇಳುತ್ತಿದ್ದರು. ಅಕ್ಕ ಮತ್ತೆ ಎಷ್ಟು ತಿಂಗಳು ಕಾಯಬೇಕಿತ್ತೋ. ಹಬೆ ಕೊಟ್ಟಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಗುಂಡಿ ಒತ್ತಿದಳು. ಬಾಗಿಲು ಮುಚ್ಚಿಕೊಂಡಿತು.

ಹದಿನೆಂಟನೇ ದಿನ ಅಕ್ಕನ ಗಾಯ ಒಸರಲು ಶುರುವಾಯಿತು. ಬಿಚ್ಚಿ ತೊಳೆದರು, ನಿಲ್ಲಲಿಲ್ಲ. ಮೂರನೇ ತಿಂಗಳಿಗೆ ಹೊಸ ಮಂಡಿಯನ್ನೇ ಕಿತ್ತು ತೆಗೆದು, ಔಷಧಿ ಬೆರೆಸಿದ ಸಿಮೆಂಟಿನ ಗಟ್ಟಿ ಇಟ್ಟು, ಕೋಲಿನಂತೆ ನೆಟ್ಟಗಾದ ಕಾಲಿನಲ್ಲಿ ವಾರಗಟ್ಟಲೆ ಮಲಗಿಸಿದರು. ಆಗ ದೊಡ್ಡ ಡಾಕ್ಟರು ಹಾಸಿಗೆಯ ಪಕ್ಕ ಕೂತು ಅಕ್ಕತಂಗಿಯರಿಬ್ಬರಿಗೂ ಸಮಾಧಾನವಾಗಿ ವಿವರಿಸಿದ್ದರು.

"ಮಾಂಸದಲ್ಲಾದ್ರೆ ರಕ್ತ ಓಡಾಡತ್ತೆ, ಕಾವಲಿರತ್ತೆ. ಲೋಹದ ಮೇಲೆ ಕಾವಲಿಲ್ಲ. ನಾಲ್ಕು ಕ್ರಿಮಿ ಹೋಗಿ ಕೂತ್ರೂ ಸಾಕು, ಮೈಮೇಲೆ ಲೋಳೆಯ ಹೊದಿಕೆ ನೇಯ್ಕೊಂಡು ಅದರೊಳಗೇ ಸಂಸಾರ ಹೂಡ್ತವೆ. ಆಮೇಲೆ ಔಷಧಿ ಮೇಲೆ ಹರಿದು ಹೋಗತ್ತೆ, ಒಳಗೆ ಇಳಿಯಲ್ಲ. ಬರದ ಹಾಗೆ ನೋಡ್ಕೊಳ್ಳೋದೇ ದಾರಿ. ಬಂದ ಮೇಲೆ ಹೀಗೆ, ಕಿತ್ತು ತೆಗೀಬೇಕು."

"ಎಲ್ಲಿಂದ ಬಂದ್ವು ಡಾಕ್ಟ್ರೇ?" ಎಂದು ಅಕ್ಕ ಕೇಳಿದಳು.

"ಇಂಥಲ್ಲಿಂದ ಅಂತ ಹೇಳೋಕಾಗಲ್ಲಮ್ಮ. ಚರ್ಮದಿಂದ ಇರಬಹುದು, ಗಾಳಿಯಿಂದ ಇರಬಹುದು. ಕೆಲವರಿಗೆ ಹುಳುಕು ಹಲ್ಲಿನಿಂದ ರಕ್ತದಲ್ಲಿ ಹೋಗಿ ಕೂರೋದೂ ಉಂಟು."

ಅಕ್ಕನ ಕೈ ಕೆನ್ನೆಗೆ ಹೋಯಿತು. ಡಾಕ್ಟರು ಹೋದ ಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಪುಟ್ಟೀ, ನನ್ನ ಹಲ್ಲೇ ಕಣೇ. ಆಪರೇಷನ್‌ಗೆ ಮುಂಚೆ ನರ್ಸು ಕೇಳಿದ್ರು, ಹಲ್ಲು ನೋವಿದೆಯಾ ಅಂತ. ದವಡೆ ಹಲ್ಲು ಹುಳುಕಾಗಿತ್ತು. ಇದೆ ಅಂದ್ರೆ ಮುಂದಕ್ಕೆ ಹಾಕ್ತಾರೆ ಅಂತ ಇಲ್ಲ ಅಂದೆ. ನಾನೇ ನನ್ನ ಕಾಲು ಕಳ್ಕೊಂಡೆ."

ಆಗ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ನಿಧಾನಮ್ಮ ಅಕ್ಕನ ತಲೆ ನೇವರಿಸಿ, "ಬಿಡಕ್ಕ, ಆಗಿದ್ದಾಯ್ತು," ಎಂದಳು. ಎಂಥ ಮಾತು! ಅಕ್ಕನ ತಪ್ಪನ್ನು ತಂಗಿ ಮನ್ನಿಸಿದಂತಾಯಿತು.

ಆಮೇಲೆ ಇನ್ನೊಂದು ಮಂಡಿ ಹಾಕಿದರು. ಅದು ನಿಂತಿತು, ಆದರೆ ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ಅಕ್ಕ ಕೋಲು ಹಿಡಿದಳು, ಹೊಲಿಗೆ ಯಂತ್ರ ಬಟ್ಟೆ ಹೊದ್ದು ಮೂಲೆ ಸೇರಿತು. ಅಕ್ಕ ತನ್ನೂರಿಗೆ ಹೋದ ವಾರ ನಿಧಾನಮ್ಮ ಒಂದು ಕಾಗದ ಬರೆದಳು. ಫೋನಿನಲ್ಲಿ ಹೇಳೋಣವೆಂದರೆ ಅಕ್ಕನ ಮಾತಿಗೆ ಬ್ರೇಕಿಲ್ಲ. "ಅಕ್ಕ, ಒಂದು ಮಾತು" ಎಂದರೆ ಅವಳು ಹತ್ತು ಮಾತಾಡಿ ಇಟ್ಟುಬಿಡುತ್ತಿದ್ದಳು. ಅದೂ ಒಂದು ನೆಪವೇ. ಕಾಗದಕ್ಕೆ ವಿಳಾಸ ಬರೆದು, ಸ್ಟಾಂಪು ಹಚ್ಚಿ, ಆಸ್ಪತ್ರೆಯ ತನ್ನ ಕಪಾಟಿನಲ್ಲಿ ಒಗೆದ ಅಪ್ರಾನುಗಳ ಅಡಿಯಲ್ಲಿ ಇಟ್ಟಳು. ನಾಳೆ ಹಾಕಿದರಾಯಿತು ಎಂದುಕೊಂಡಳು. ನಾಲ್ಕು ವರ್ಷವಾಯಿತು.

ಚಹಾದ ಬಿಡುವಿನಲ್ಲಿ ಅವಳು ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದಳು.

"ಎಷ್ಟು ಹೊತ್ತೇ ನಿನಗೆ? ನಾನಿಲ್ಲಿ ಸತ್ತಿದ್ರೆ ಮಣ್ಣಾಗಿರ್ತಿತ್ತು," ಎಂದಳು ಅಕ್ಕ.

"ಕೈ ನೀರಲ್ಲಿತ್ತು ಅಕ್ಕ."

"ನಿನ್ನ ಕೈ ಯಾವಾಗ ನೀರಲ್ಲಿಲ್ಲ? ಕೇಳಿಲ್ಲಿ. ಎಡ ಮಂಡಿಗೂ ಕರೆ ಬಂತು. ಬರೋ ತಿಂಗಳು ಹದಿನಾಲ್ಕಕ್ಕೆ. ನಿಮ್ಮಲ್ಲೇ, ಅದೇ ದೊಡ್ಡ ಡಾಕ್ಟರು. ಈ ಸಲ ನಾನು ತಯಾರಾಗೇ ಬರ್ತೀನಿ ನೋಡು. ಎಲ್ಲಾ ಕೀಳಿಸಿಬಿಡ್ತೀನಿ."

"ಏನು ಕೀಳಿಸ್ತೀಯ?"

"ಹಲ್ಲು! ಇನ್ನೂ ಹತ್ತೊಂಬತ್ತಿದಾವೆ. ಗುರುವಾರಕ್ಕೆ ಹಲ್ಲಿನ ಡಾಕ್ಟ್ರ ಹತ್ರ ಹೇಳಿ ಆಗಿದೆ. ಅವನು ಗಟ್ಟಿ ಹಲ್ಲಮ್ಮ, ಯಾಕೆ ಕೀಳಬೇಕು ಅಂತಾನೆ. ನಾನು ಅಂದೆ, ನೋಡಪ್ಪಾ, ಬಾಯೊಳಗೆ ಹಾವು ಇಟ್ಕೊಂಡು ನಾನು ಇನ್ನೊಂದು ಕಾಲು ಕೊಡಲ್ಲ. ಹಲ್ಲೇ ಇಲ್ದಿದ್ರೆ ಹುಳುಕೆಲ್ಲಿಂದ? ಕಟ್ಟಿಸಿಕೊಂಡ ಹಲ್ಲು ಹಾಕ್ಕೊಂಡು ಮದುಮಗಳ ಹಾಗೆ ಬರ್ತೀನಿ."

ಅಕ್ಕ ನಕ್ಕಳು. ನಗುತ್ತಾ ನಗುತ್ತಾ ದನಿ ತಗ್ಗಿತು. "ಹೋದ ಸಲದ ತಪ್ಪು ನಂದೇ ಅಲ್ವೇನೇ. ಈ ಸಲ ನನ್ನ ಕಡೆಯಿಂದ ಏನೂ ಇರಬಾರದು."

ನಿಧಾನಮ್ಮ ಚಹಾ ಲೋಟ ಮೆಟ್ಟಿಲ ಮೇಲಿಟ್ಟಳು.

"ಅಕ್ಕ, ಒಂದು ಮಾತು ಹೇಳ್ತೀನಿ, ನಡುವೆ ಮಾತಾಡಬೇಡ."

"ನಾನೆಲ್ಲಿ ಮಾತಾಡ್ತೀನಿ? ನೀನೇ..."

"ಅಕ್ಕಾ." ಆ ದನಿಯನ್ನು ಅಕ್ಕ ಎಂದೂ ಕೇಳಿರಲಿಲ್ಲ. "ನಿನಗೊಂದು ಕಾಗದ ಕಳಿಸ್ತೀನಿ. ಅದು ಬಂದು, ನೀನು ಪೂರ್ತಿ ಓದೋವರೆಗೂ ಒಂದು ಹಲ್ಲೂ ಮುಟ್ಟಿಸಬೇಡ. ನನ್ನ ಮೇಲೆ ಆಣೆ."

"ಅದ್ಯಾವ ಕಾಗದವೇ? ಈಗ್ಲೇ ಹೇಳು."

"ಇಲ್ಲ. ನೀನು ಓದಬೇಕು. ಓದಿ, ನನ್ನ ಹತ್ರ ಮಾತಾಡಬೇಕೋ ಬೇಡವೋ ಅಂತ ನೀನೇ ತೀರ್ಮಾನ ಮಾಡು."

ಅಕ್ಕ, "ಸರಿ. ಗುರುವಾರದೊಳಗೆ ಬರ್ಲಿ," ಎಂದಿಟ್ಟಳು.

ಮಾರನೇ ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ನಿಧಾನಮ್ಮ ಸೋಂಕಿನ ಸಿಸ್ಟರಿನ ಕೋಣೆಯ ಬಾಗಿಲಲ್ಲಿ ನಿಂತಳು. ಮೇಜು, ಎರಡು ಕುರ್ಚಿ, ಗೋಡೆ ತುಂಬ ಕಡತ. ಮೇಜಿನ ಮೇಲೆ ಏಳನೇ ಟ್ರೇಯ ಕೊಳವೆ ಉದ್ದಕ್ಕೆ ಸೀಳಿಸಿಕೊಂಡು ಎರಡು ಹೋಳಾಗಿ ಮಲಗಿತ್ತು. ಬಾಗಿನ ಕಂದು ಕಲೆ ಈಗ ಬರಿಗಣ್ಣಿಗೇ ಕಾಣುತ್ತಿತ್ತು, ಉಗುರಿನಷ್ಟು ಅಗಲ.

"ಕೂತ್ಕೊಳ್ಳಿ," ಎಂದಳು ಸಿಸ್ಟರ್.

ನಿಧಾನಮ್ಮ ಕೂರಲಿಲ್ಲ. ಅಕ್ಕನ ಹಳೆಯ ಲ್ಯಾಬ್ ವರದಿಯ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಇದರಲ್ಲಿ ಕ್ರಿಮಿ ಹೆಸರಿದೆ. ಇದು ಹುಳುಕು ಹಲ್ಲಿನಿಂದ ಬಂದಿರಬಹುದಾ ಸಿಸ್ಟರ್?"

ಸಿಸ್ಟರ್ ಓದಿದಳು. "ಇಲ್ಲ. ಬಾಯಲ್ಲಿರೋದು ಬೇರೆ ಕುಲ. ಇದು ಚರ್ಮದ ಮೇಲೆ ಇರೋದು. ನಿಮ್ಮ ಕೈಮೇಲೂ ಇದೆ, ನನ್ನ ಕೈಮೇಲೂ ಇದೆ. ಹಲ್ಲಿಗೂ ಇದಕ್ಕೂ ಸಂಬಂಧ ಹಚ್ಚೋದು ಕಷ್ಟ." ತಲೆಯೆತ್ತಿದಳು. "ಯಾರದ್ದಿದು?"

"ನಮ್ಮಕ್ಕಂದು. ನಾಲ್ಕು ವರ್ಷದ ಹಿಂದಿಂದು. ಏಳನೇ ಟ್ರೇ." ಆಮೇಲೆ ನಿಧಾನಮ್ಮ ನಿಂತೇ ಎಲ್ಲವನ್ನೂ ಹೇಳಿದಳು: ರೈಲು, ಬಟ್ಟೆಯ ಬಕೆಟ್ಟು, ಹತ್ತು ನಿಮಿಷ, ನಲ್ಲಿ, ಲಿಫ್ಟಿನ ಗುಂಡಿ. ಸಿಸ್ಟರ್ ಬರೆದುಕೊಳ್ಳುತ್ತಾ ಹೋದಳು. ಮುಗಿದ ಮೇಲೆ ಪೆನ್ನು ಕೆಳಗಿಟ್ಟಳು.

"ನಿನ್ನೆ ಸಂಜೆ ಪುಸ್ತಕ ಎಲ್ಲಾ ತೆಗೆದು ನೋಡಿದೆ," ಎಂದಳು. "ಹೋದ ನಾಲ್ಕು ವರ್ಷದಲ್ಲಿ ಆ ಟ್ರೇ ಇನ್ನೂರ ಹತ್ತು ಮಂಡಿಗೆ ಹೋಗಿದೆ. ಕೀವು ಕಟ್ಟಿದ್ದು ಮೂರು, ನಿಮ್ಮಕ್ಕನದೂ ಸೇರಿ. ಬೇರೆ ಟ್ರೇಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಇದರಿಂದಲೇ ಆಯ್ತು ಅಂತ ನಾನು ಹೇಳಲಾರೆ. ಇದರಿಂದಲ್ಲ ಅಂತಲೂ ಹೇಳಲಾರೆ."

"ಗೊತ್ತು."

"ನಾಲ್ಕು ವರ್ಷದ ಹಿಂದೇನೇ ಹೇಳಿದ್ದಿದ್ರೆ ಆವತ್ತೇ ಈ ಕೊಳವೆ ತೆಗೆದುಹಾಕ್ತಿದ್ವಿ."

"ಹೌದು ಸಿಸ್ಟರ್," ಎಂದಳು ನಿಧಾನಮ್ಮ. ಸಿಸ್ಟರ್ ಅದಕ್ಕೆ ಸಮಾಧಾನದ ಮಾತೇನೂ ಸೇರಿಸಲಿಲ್ಲ. ಸೇರಿಸದೆ ಇದ್ದದ್ದೇ ಸರಿ ಎನಿಸಿತು.

"ಇದನ್ನ ನಾನು ಮೇಲೆ ಕೊಡಬೇಕಾಗತ್ತೆ. ಉಳಿದಿಬ್ಬರ ಮನೆಗೂ ಆಸ್ಪತ್ರೆಯಿಂದ ತಿಳಿಸಬೇಕಾಗತ್ತೆ."

"ಕೊಡಿ."

"ಹಲ್ಲಿನ ಮಾತು ಯಾಕೆ ಕೇಳಿದ್ರಿ?"

ನಿಧಾನಮ್ಮ ಹೇಳಿದಳು. ಹತ್ತೊಂಬತ್ತು ಎಂದಾಗ ಸಿಸ್ಟರ್ ಕಣ್ಣು ಮುಚ್ಚಿ ತೆರೆದಳು. "ಹುಳುಕಿದ್ರೆ ಅದೊಂದಕ್ಕೆ ಚಿಕಿತ್ಸೆ ಮಾಡಿಸ್ಕೊಂಡು ಬರಲಿ. ಗಟ್ಟಿ ಹಲ್ಲು ಕೀಳಿಸೋದ್ರಿಂದ ಮಂಡಿಗೇನೂ ಲಾಭ ಇಲ್ಲ. ನಾನೇ ಎರಡು ಸಾಲು ಬರೆದು ಕೊಡ್ತೀನಿ, ಕಾಗದದ ಜೊತೆ ಇಡಿ."

ನೆಲಮಾಳಿಗೆಗೆ ಇಳಿದಾಗ ಹಬೆಯಪ್ಪ ಹೊಸ ಬ್ರಷ್ಷುಗಳ ಕಟ್ಟು ಬಿಚ್ಚುತ್ತಿದ್ದ. ದಪ್ಪ, ಸಣ್ಣ, ಒಂದೊಂದು ಅಳತೆಗೆ ಒಂದೊಂದು ಬಣ್ಣದ ಹಿಡಿ. ಲಿಫ್ಟಿನ ಗೂಡಿನ ಪಕ್ಕದಲ್ಲೇ ಒದ್ದೆ ಬಟ್ಟೆಯ ಬಕೆಟ್ಟು ಬಂದು ಕೂತಿತ್ತು.

"ಇದನ್ನ ಯಾರು ಇಲ್ಲಿಟ್ಟಿದ್ದು?" ಎಂದಳು.

"ನಾನೇ. ಕಾಲಿಗೆ ಎಡವೋ ಹಾಗಿದ್ರೆ ಮರೆಯಲ್ಲ ಅಂತ." ಅವನು ಅವಳ ಮುಖ ನೋಡಲಿಲ್ಲ. "ಆವತ್ತು ಹಬೆ ಕೊಟ್ಟವನು ನಾನೇ ಅಲ್ವಾ ನಿಧಾನಮ್ಮ. ಟ್ರೇ ಕೈಗೆ ಬಂದಾಗ ಕೊಳವೇನ ಬೆಳಕಿಗೆ ಹಿಡಿದು ನೋಡೋದು ನನ್ನ ಕೆಲಸಾನೂ ಆಗಿತ್ತು. ನೀನು ತೊಳೆದಿದ್ದು ಅಂತ ನೋಡಲಿಲ್ಲ."

ನಿನ್ನೆಯೇ ಅವನಿಗೆ ಗೊತ್ತಾಗಿತ್ತು. ಅವಳ ಕೈ ತಡೆದದ್ದನ್ನು ಸಿಸ್ಟರ್ ನೋಡಿರಲಿಲ್ಲ, ಅವನು ನೋಡಿದ್ದ. ನಿಧಾನಮ್ಮ ಓಡಿದ ಆ ಒಂದು ದಿನವನ್ನೂ ಅವನು ಮರೆತಿರಲಿಲ್ಲ.

ಊಟದ ಬಿಡುವಿನಲ್ಲಿ ನಿಧಾನಮ್ಮ ಕಪಾಟು ತೆರೆದು, ಅಪ್ರಾನುಗಳ ಅಡಿಯಿಂದ ಆ ಲಕೋಟೆ ತೆಗೆದಳು. ಅಂಚು ಹಳದಿಯಾಗಿತ್ತು. ಗೋಂದು ಒಣಗಿ ಬಾಯಿ ತಾನಾಗಿಯೇ ಬಿಚ್ಚಿಕೊಂಡಿತ್ತು. ಕಾಗದ ತೆಗೆದು ಓದಿದಳು. ಮೊದಲ ಪುಟದಲ್ಲಿ ರೈಲು ತಡವಾದದ್ದು, ಕೆಲಸದ ಒತ್ತಡ, ಆರನೇ ಟ್ರೇ ರಿಪೇರಿಗೆ ಹೋದದ್ದು, ಹಬೆ ಸರಿಯಾಗಿಯೇ ಕೊಟ್ಟಿದ್ದು. ತಾನು ಮಾಡಿದ್ದು ಬರುವ ಹೊತ್ತಿಗೆ ಎರಡನೇ ಪುಟದ ಕೊನೆ. ಅಲ್ಲೂ ಅಕ್ಷರ ಚಿಕ್ಕದಾಗಿತ್ತು.

ಹರಿದು ಹೊಸದು ಬರೆಯೋಣವೆನಿಸಿತು. ಬೇಡ ಎಂದುಕೊಂಡಳು. ಆಗ ಹೇಗಿದ್ದಳೋ ಹಾಗೇ ಅಕ್ಕ ನೋಡಲಿ. ಇನ್ನೊಂದು ಹಾಳೆ ತೆಗೆದು, ಊಟದ ಡಬ್ಬಿಯ ಮುಚ್ಚಳದ ಮೇಲಿಟ್ಟುಕೊಂಡು ನಿಧಾನವಾಗಿ ಬರೆದಳು.

"ಅಕ್ಕ, ಜೊತೆಗಿರುವುದು ನಾಲ್ಕು ವರ್ಷದ ಹಿಂದೆ ಬರೆದದ್ದು. ಅದರಲ್ಲಿ ನೆಪ ಹೆಚ್ಚಿದೆ, ಕ್ಷಮಿಸು. ನಿಜ ಇಷ್ಟು: ನಿನ್ನ ಮಂಡಿಗೆ ಬಳಸಿದ ಕೊಳವೆಯನ್ನು ನಾನು ಸರಿಯಾಗಿ ತೊಳೆಯಲಿಲ್ಲ. ಅದು ಗೊತ್ತಿದ್ದೂ ಮೇಲಕ್ಕೆ ಕಳಿಸಿದೆ. ಕೀವು ಅದರಿಂದಲೇ ಬಂತೋ ಇಲ್ಲವೋ ಯಾರಿಗೂ ಹೇಳಲಾಗದು. ಆದರೆ ಹಲ್ಲಿನಿಂದಲ್ಲ. ಅದನ್ನು ಸಿಸ್ಟರ್ ಬರೆದುಕೊಟ್ಟಿದ್ದಾರೆ, ನಿನ್ನ ಹಲ್ಲಿನ ಡಾಕ್ಟರಿಗೂ ತೋರಿಸು. ನೀನು ನಾಲ್ಕು ವರ್ಷ ನಿನ್ನನ್ನೇ ಬೈದುಕೊಂಡೆ, ನಾನು ಕೇಳುತ್ತಾ ಸುಮ್ಮನಿದ್ದೆ. ಕೊಳವೆಯದು ಒಂದು ದಿನದ ತಪ್ಪು. ಇದು ದಿನದಿನದ್ದು. ಹದಿನಾಲ್ಕಕ್ಕೆ ನೀನು ಬಂದರೆ ಟ್ರೇ ಯಾವುದೆಂದು ನೀನೇ ಕೇಳು, ಯಾರು ತೊಳೆದರೆಂದೂ ಕೇಳು. ನನ್ನ ಕೈಯಿಂದ ಬೇಡವೆಂದರೆ ಹೇಳು, ಬೇರೆಯವರು ತೊಳೆಯುತ್ತಾರೆ. ನಿನ್ನ ಪುಟ್ಟಿ."

ಮೂರನ್ನೂ ಮಡಿಸಿ ಲಕೋಟೆಗೆ ತುರುಕಿದಳು. ಬಾಯಿ ಅಂಟಲಿಲ್ಲ. ಹಬೆಯಪ್ಪ ಏನೂ ಕೇಳದೆ ಟ್ರೇಗೆ ಸುತ್ತುವ ಪಟ್ಟಿಯ ಸುರುಳಿ ಚಾಚಿದ. ಹಬೆ ತಾಗಿದರೆ ಕಪ್ಪಾಗುವ ಆ ಪಟ್ಟಿ. ನಿಧಾನಮ್ಮ ಅದನ್ನು ನೋಡಿ, ತಲೆಯಾಡಿಸಿ, ಡಬ್ಬಿಯಿಂದ ಎರಡು ಅಗುಳು ಅನ್ನ ತೆಗೆದು ಅದರಲ್ಲೇ ಅಂಟಿಸಿ, ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಿದಳು.

ಅಂಚೆ ಡಬ್ಬಿ ಆಸ್ಪತ್ರೆಯ ಗೇಟಿನ ಆಚೆ, ಬಸ್ಸು ನಿಲ್ಲುವ ಕಡೆ ಇತ್ತು. ನಾಲ್ಕು ವರ್ಷ ದಿನಕ್ಕೆರಡು ಸಲ ಅದರ ಮುಂದೆಯೇ ಹಾದು ಹೋಗಿದ್ದಳು. ಡಬ್ಬಿಯ ಮೇಲೆ ಕಾಗದ ತೆಗೆಯುವ ಹೊತ್ತು ಬರೆದಿತ್ತು: ಮಧ್ಯಾಹ್ನ ಎರಡೂವರೆ. ಗೇಟಿನ ಗಡಿಯಾರದಲ್ಲಿ ಎರಡು ಇಪ್ಪತ್ತು. ಇಂದು ಮಂಗಳವಾರ, ಗುರುವಾರದೊಳಗೆ ಮುಟ್ಟುತ್ತದೆ.

ಲಕೋಟೆಯನ್ನು ಡಬ್ಬಿಯ ಬಾಯಿಗೆ ಹಿಡಿದಳು. ಒಳಗೆ ಬಿದ್ದ ಸದ್ದು ಕೇಳುವವರೆಗೂ ಬೆರಳು ಹಾಕಿ ತಳ್ಳಿದಳು. ಕೇಳಿಸಿತು. ಆದರೂ ಕೈ ಒಳಗೆ ಹಾಕಿ, ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ಬಾಯಿಯ ಉದ್ದಕ್ಕೂ ಒಮ್ಮೆ ತಡವಿ ನೋಡಿದಳು.